ಮುಂದ ನಡೀರಿ ಅಂತಿದ್ದ ಬಾಳವ್ವ

ಬಾಳ ಹಿಂದಿನ ಮಾತು. ಎಷ್ಟು ಹಿಂದ ಅಂತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ. ನಮ್ಮ ಆಯಿಗೆ ಅವರಾಯಿ ಹೇಳಿದ್ದು, ಅವರಾಯಿಗೆ ಇನ್ಯಾರೋ ಹೇಳಿದ್ದು. ಎರಿ ಭೂಮಿ ಸೀಮ್ಯಾಗ, ಹಳ್ಳದ ದಂಡಿಗೆ, ಮುತ್ತಲಗಟ್ಟಿ ಅಂತ ಒಂದೂರಿತ್ತು. ಆ ಊರಾಗ ಬಾಳವ್ವ ಅಂತ ಒಬ್ಬಾಕಿ ಇದ್ಳು. ಗೌಂಡಿ ಆರಿಸಿ ಕೊಡೋ ಬಾಳವ್ವ. ಮನಿ ಕಟ್ಟೋರು, ಮಾಳಿಗಿ ಹೊದಸೋರು, ಬಿದ್ದ ಗ್ವಾಡಿ ಎಬ್ಬಿಸೋರು, ಯಾರ ಇರಲಿ, ಬಾಳವ್ವ ಹೂಂ ಅನ್ನೋತನಕ ಒಬ್ಬ ಗೌಂಡಿನೂ ಕೈಯಾಗ ಕರಣಿ ಹಿಡೀತಿದ್ದಿಲ್ಲಂತ. ಆಕಿ ತೊಲಿಗೆ ಕಿವಿ ಹಚ್ಚಿದ್ರ ತೊಲಿ ತನ್ನ ಆಯುಷ್ಯ ಹೇಳ್ತಿತ್ತು ಅಂತಾರ. ಮಣ್ಣು ಮೂಸಿ ನೋಡಿದ್ರ ಆ ಮಣ್ಣು ಎಷ್ಟು ಮಳಿ ತಡೀತೈತಿ ಅಂತ ತಿಳೀತಿತ್ತು ಅಂತಾರ. ಅನ್ನವ್ರ ಬಾಯಿ ಯಾರು ಹಿಡೀಬೇಕು? ನಾ ಕೇಳಿದ್ದು ಬ್ಯಾರೇನ ಐತಿ, ಅದನ್ನ ಹೇಳ್ತೀನಿ. ನಡುವ ಬಾಯಿ ಹಾಕಬ್ಯಾಡ್ರಿ, ನನಗ ಎಳಿ ತಪ್ಪತೈತಿ.

ಆವಾಗ ಈಗಿನಂಗ ಸ್ಲ್ಯಾಬು ಗಿಲ್ಯಾಬು ಏನೂ ಇದ್ದಿದ್ದಿಲ್ಲ. ಕಲ್ಲಿನ ಗ್ವಾಡಿ, ಕಟಿಗಿ ಕಂಬ, ಕಂಬದ ಮ್ಯಾಲ ತೊಲಿ, ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಬೇವಿನ ಸೊಪ್ಪು ಹಾಸಿ, ಅದರ ಮ್ಯಾಲ ಹದಾ ಮಾಡಿದ ಬಿಳಿ ಮಣ್ಣು ಎರಡು ಗೇಣು ದಪ್ಪ ಹಾಕಿ ಬಡದ್ರ ಅದ ಮಾಳಿಗಿ. ಗೌಂಡಿ ಚಲೋ ಇದ್ದ ಅಂದ್ರ ಮೊಮ್ಮಕ್ಕಳ ಕಾಲಕ್ಕೂ ಹನಿ ಸೋರಂಗಿಲ್ಲ. ಗೌಂಡಿ ಕೆಟ್ಟಂವಿದ್ದ ಅಂದ್ರ ಮಳಿಗಾಲದಾಗ ಹಾಸಿಗಿ ಸುತಗೊಂಡು ಮೂಲಿ ಮೂಲಿ ತಿರಗೋದ ಆಕೈತಿ.

ಇನ್ನ ಆ ಊರ ಮಂದಿ ಗೌಂಡಿ ಆರಸೋ ರೀತಿ ಕೇಳ್ರಿ. ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ. ಅವರು ಗೌಂಡಿಗಳಿಗೆ ಊಟಕ್ಕ ಹಾಕ್ತಿದ್ರು. ಚಲೋ ಉಣ್ಣಾಂವ ಚಲೋ ದುಡೀತಾನ ಅಂತ ಅವರ ತಿಳುವಳಿಕಿ. ಗೌಂಡಿಗಳ ತಂಡ ಬಂತಂದ್ರ ಪಡಸಾಲ್ಯಾಗ ಸಾಲು ಹಿಡದು ಕುಂದರಸೋದು, ಓಣಿ ಹೆಂಗಸರೆಲ್ಲ ಸೇರಿ ರೊಟ್ಟಿ, ಎಣಗಾಯಿ, ಹೋಳಿಗಿ, ತುಪ್ಪ ಬಡಸೋದು, ಗಂಡಸರು ಕಟ್ಟಿ ಮ್ಯಾಲ ಕುಂತು ಯಾವಾಂವ ಹ್ಯಾಂಗ ಉಂಡ ಅಂತ ನೋಡೋದು. ಯಾವ ತಂಡದ ಹಿರ್ಯಾ ಕಂಡಾಪಟ್ಟಿ ಉಂಡು ಡರ್ ಅಂತ ತೇಗಿದ್ನೋ ಆ ತಂಡಕ್ಕ ಕೆಲಸ. ಗೌಂಡಿಗಳೇನು ದಡ್ಡರ? ಬರಬರತ ಪ್ರತಿ ತಂಡದಾಗೂ ಉಣ್ಣಾಕಂತನ ಒಬ್ಬನ್ನ ಇಟಗೊಂಡ್ರಂತ. ಅವಗ ಹೊಸಾ ರುಂಬಾಲು ಸುತ್ತಿ, ಇವನ ನಮ್ಮ ಹಿರ್ಯಾ ಅಂತ ಮುಂದ ಕುಂದರಸ್ತಿದ್ರು. ಅವನ ಕೈಯಾಗ ಕರಣಿ ಕೊಟ್ರ ಅದರಲೇನ ಬೆನ್ನು ತುರಿಸಿಗೊಂತಿದ್ನಂತ, ಹಂಗಂತಾರ.

ಬಾಳವ್ವ ಆ ಊರಿಗೆ ಸೊಸಿಯಾಗಿ ಬಂದ ವರ್ಷದ ಮ್ಯಾಲ ಅವರ ಮನಿ ಮಾಳಿಗಿ ಹೊಸದು ಮಾಡೋದು ಬಂತು. ಸೋಬಪ್ಪ ಅನ್ನಾಂವನ ತಂಡ ಬಂತು. ಸೋಬಪ್ಪನ ಹೊಟ್ಟಿ ಅವನಕಿಂತ ಮೊದಲ ಹೊಸ್ತಿಲ ದಾಟ್ತಿತ್ತಂತ. ಬಾಳವ್ವನ ಅತ್ತಿ ಬಡಿಸಿದ್ಳು, ಬಾಳವ್ವ ತನ್ನ ಕೈಯಾರೆ ತುಪ್ಪ ಹಾಕಿದ್ಳು. ಸೋಬಪ್ಪ ಉಂಡ, ಉಂಡ, ತುಪ್ಪದ ಗಡಿಗಿ ತಳಾ ಕಾಣೋತನಕ ಉಂಡ. ಕಟ್ಟಿ ಮ್ಯಾಲಿನ ಗಂಡಸರು ತಲಿ ತೂಗಿದ್ರು. ಬಿಳಿ ಮಣ್ಣು ತರಾಕ ದೂರದ ಹಾಳು ಹುಡೇವು, ಅಂದ್ರ ಹಳೇ ಕಾವಲು ಬುರುಜು ಇದ್ದ ಜಾಗಾತನಕ ಬಂಡಿ ಹೊಡೀಬೇಕಿತ್ತು. ಸೋಬಪ್ಪನ ಮಂದಿ ಅಷ್ಟು ದೂರ ಯಾರು ಹೋಗ್ತಾರಂತ ಹೊಲದ ಬದುವಿನ ಎರಿ ಮಣ್ಣ ತಂದು ಹಾಕಿ, ಮ್ಯಾಲ ಸೆಗಣಿ ಸಾರಿಸಿ, ಚಂದ ಮಾಡಿ ಕೊಟ್ಟು ಹೋದ್ರು. ಜಂತಿ ಗೆದ್ದಲ ತಿಂದಿದ್ದು ಯಾರಿಗೂ ಕಾಣಲಿಲ್ಲ.

ಎರಿ ಮಣ್ಣಿನ ಗುಣ ನಿಮಗ ಗೊತ್ತೈತಿ. ಬಿಸಲಾಗ ಬಿರೀತೈತಿ, ಮಳ್ಯಾಗ ನೀರು ಕುಡದು ಉಬ್ಬತೈತಿ. ಮುಂದಿನ ಹಿಂಗಾರಿ ಮಳ್ಯಾಗ, ನಡು ಮಧ್ಯಾಹ್ನ, ಮಾಳಿಗಿ ಕರಕರ ಅಂತು. ಬಾಳವ್ವನ ಗಂಡ ದುರಗಪ್ಪ ಹೆಂಡತಿನ್ನ, ಕೂಸಿನ್ನ ಹೊರಗ ದಬ್ಬಿ, ದನ ಕಟ್ಟೋ ಅಂಕಣದಾಗ ಎತ್ತು ಬಿಚ್ಚಾಕ ಒಳಗ ಹೋದ. ಎತ್ತು ಹೊರಗ ಬಂತು. ದುರಗಪ್ಪ ಬರಲಿಲ್ಲ.

ಊರ ಮಂದಿ ಬಂದು ಅತ್ರು. ಹಣ್ಯಾಗ ಬರದಿದ್ದು, ಯಾರೇನು ಮಾಡಾಕಾಕೈತಿ ಅಂದ್ರು. ಮಾಳಿಗಿ ಯಾಕ ಬಿತ್ತು ಅಂತ ಒಬ್ಬರೂ ಕೇಳಲಿಲ್ಲ. ಬಾಳವ್ವ ಕೇಳಿದ್ಳು. ಬಿದ್ದ ಮಣ್ಣಾಗ ಕೈ ಹಾಕಿ ನೋಡಿದ್ಳು, ಕರೀ ಎರಿ. ಜಂತಿ ಮುರದು ನೋಡಿದ್ಳು, ಒಳಗ ಬರೇ ಹುಡಿ. ಅತ್ತಿ, ಬಿಡವಾ, ಕೇಳಿದ್ರ ಹೋದಾಂವ ಬರ್ತಾನೇನು ಅಂದ್ಳು. ಬಾಳವ್ವಗ ತಡೀಲಿಲ್ಲ. ಕೂಸು ನಿಂಬೆವ್ವನ್ನ ಬಗಲಾಗ ಎತಗೊಂಡು ಸೋಬಪ್ಪನ್ನ ಹುಡುಕ್ಕೊಂಡು ಹೊಂಟ್ಳು. ಜಗಳಕ್ಕಲ್ಲಂತ. ಅಷ್ಟು ಚಂದ ಉಂಡಾಂವ ಹಿಂಗ್ಯಾಕ ಮಾಡಿದ ಅಂತ ಅವಗ ಗೊತ್ತಿರಬೇಕಲ್ಲ, ಅದನ್ನ ಕೇಳಾಕ.

ಹಳ್ಳ ದಾಟಿದ ಮ್ಯಾಲ ಹಾದ್ಯಾಗನ ಸಿಕ್ಕ. ಮುಂದಿನ ಊರಿಗೆ ಹೊಂಟಿದ್ದ. ಇವಳನ್ನ ಕಂಡು ಕೈ ಮುಗದ. ದೇವರ ಇಚ್ಛಾ ತಂಗಿ, ಮಳಿ ಹಂಗಿತ್ತು, ಬಾ ನಡಕೋತ ಮಾತಾಡೂಣು ಅಂದ. ನಡದ್ರು. ಆ ಊರೊಳಗ ಹೋಗೋ ಊರಬಾಯಿ ಬಂತು. ಎದುರಿಗೆ ಬಂಡಿ ಹೋಗುವಂಥ ಹಾದಿ ಇತ್ತು. ಸೋಬಪ್ಪ ಆ ಹಾದಿ ಬಿಟ್ಟು ತಿಪ್ಪಿ ಹಿಂದಿನ ಕಾಲುದಾರಿ ಹಿಡದ. ಎರಡೂ ಕಡೆ ಪಾಪಾಸಕಳ್ಳಿ. ಹೊಸಾ ಧೋತರ ಮುಳ್ಳಿಗೆ ಸಿಕ್ಕು ಪರ್ ಅಂತ ಹರೀತು, ಆದ್ರೂ ತಿರುಗಲಿಲ್ಲ. ಹತ್ತು ಹೆಜ್ಜಿಗೊಮ್ಮೆ ಕುಂದರೋ ಈ ಮನಶ್ಯಾ ನೆಟ್ಟಗಿನ ಹಾದಿ ಬಿಟ್ಟು ಮುಳ್ಳಾಗ ಯಾಕ ಹೊಂಟಾನ? ಬಾಳವ್ವ ಅಲ್ಲೇ ನಿಂತ್ಳು. ಅವನ ಬೆನ್ನು ಕಳ್ಳಿಯೊಳಗ ಮರಿಯಾದ ಮ್ಯಾಲ ತಿರುಗಿ ಬಂದು, ಅಂವ ಬಿಟ್ಟ ಹಾದಿ ಹಿಡದ್ಳು.

ಆ ಓಣ್ಯಾಗ ಒಂದೊಂದ ಮನಿ ಮುಂದ ನಿಂತು, ಯವ್ವಾ, ನಿಮ್ಮ ಮಾಳಿಗಿ ಯಾರು ಮಾಡಿದ್ರು ಅಂತ ಕೇಳಿದ್ಳು. ಒಬ್ಬಾಕಿ ಸೋಬಪ್ಪನ ಹೆಸರು ಹೇಳಿ ಉಗುಳಿದ್ಳು. ಇನ್ನೊಬ್ಬಾಕಿ ಕಸಬರಿಗಿ ತಗೊಂಡ ಹೊರಗ ಬಂದ್ಳು, ಎಲ್ಲದಾನ ಆ ಹೊಟ್ಟಿಬಾಕ ಅಂತ. ಬಾಳವ್ವ ಯಾರದೋ ಕಟ್ಟಿ ಮ್ಯಾಲ ಕುಂತು ಅತ್ಳಂತ. ಅವಗ ತುಪ್ಪ ಬಡಸೂಕಿಂತ ಮೊದಲ ನಮ್ಮೂರಾಗ ಯಾರರೆ ಒಬ್ಬರು ಇಲ್ಲಿತನಕ ಬಂದಿದ್ರ ನನ್ನ ಗಂಡ ಉಳೀತಿದ್ದ ಅಂತ ಅತ್ಳು. ಆಮ್ಯಾಲ ಕಣ್ಣು ಒರಿಸಿಗೊಂಡು ಎದ್ಳು.

ಅಲ್ಲಿಂದ ಶುರುವಾತು ನೋಡ್ರಿ. ಮುಂದಿನ ವರ್ಷ ನೆರಿಮನಿಯವರು ಗೌಂಡಿ ಕರಿಸಿ ಒಲಿ ಹಚ್ಚಾಕ ಹೋದ್ರ, ಬಾಳವ್ವ ಹೋಗಿ, ತಡೀರಿ, ಇವರ ಜೋಡಿ ನಾ ಒಂದ ಸಲ ನಡದು ಬರ್ತೀನಿ ಅಂದ್ಳು. ಗೌಂಡಿಗಳಿಗೆ ಒಂದ ಮಾತು ಹೇಳಿದ್ಳು: "ನೀವು ಹಿಂದ ಕೆಲಸ ಮಾಡಿದ ಊರಿಗೆ ಹೋಗೂಣು ಬರ್ರಿ. ನೀವು ಮುಂದ ನಡೀರಿ, ನಾ ಹಿಂದ ಬರ್ತೀನಿ." ಅಷ್ಟ. ಯಾವ ಹಾದಿ ಅಂತ ಹೇಳಲಿಲ್ಲ. ಒಂದು ತಂಡಕ್ಕ ಊರಬಾಯಾಗ ಬಂದ ಕೂಡಲೆ ಬ್ಯಾರೆ ಊರಾಗ ತುರ್ತು ಕೆಲಸ ನೆನಪಾತು. ಇನ್ನೊಂದು ತಂಡದ ಹಿರ್ಯಾಗ ಕಾಲು ಉಳುಕಿತು. ಇನ್ನೊಂದು ತಂಡ ಓಣ್ಯಾಗ ಹೊಕ್ಕಿತೋ ಇಲ್ಲೋ, ಬಾಗಲದಾಗ ಕುಂತ ಮುದುಕಿ ಏ ಬರ್ರೋ, ಮಜ್ಜಗಿ ಕುಡದು ಹೋಗ್ರೋ ಅಂತ ಕೂಗಿದ್ಳು. ಬಾಳವ್ವ ಊರಿಗೆ ಬಂದು ಆ ತಂಡಕ್ಕ ಹೂಂ ಅಂದ್ಳು.

ಆಕಿ ಆರಿಸಿ ಕೊಟ್ಟ ಗೌಂಡಿಗಳು ಮಾಡಿದ ಮಾಳಿಗಿ ಒಂದೂ ಬೀಳಲಿಲ್ಲ. ಸುತ್ತಿನ ಹಳ್ಳ್ಯಾಗೆಲ್ಲ ಹೆಸರಾತು. ಆಕಿ ನೋಡೋದೇನು, ಅದ ಯಾರಿಗೂ ತಿಳೀಲಿಲ್ಲ. ನಡದು ಹೋಗ್ತಾಳ, ನಡದು ಬರ್ತಾಳ, ಕೆಲಸದ ಕಡೆ ಕಣ್ಣೆತ್ತಿನೂ ನೋಡಂಗಿಲ್ಲ! ಗೌಂಡಿ ಹೆಜ್ಜಿ ಗುರ್ತು ಓದತಾಳ ಅಂದ್ರು ಕೆಲವರು. ಅವರ ನೆರಳು ಅಳೀತಾಳ ಅಂದ್ರು. ಊರ ಗೌಡ್ರು ಒಂದಿನ ತಾವ ಬಂದು, ಬಾಳವ್ವಾ, ಏನವಾ ನಿನ್ನ ಮಂತ್ರಾ, ನಮಗಷ್ಟ ಹೇಳು ಅಂದ್ರಂತ. ಬಾಳವ್ವ ನಕ್ಕು, ಮಜ್ಜಗಿ ಕೊಟ್ಟು ಕಳಿಸಿದ್ಳು. ಹೇಳಿದ್ರ ಗೌಂಡಿಗಳು ಉಣ್ಣೋದು ಕಲತಂಗ ಹಾದಿ ನಡಿಯೋದನ್ನೂ ಕಲತು ಬಿಡ್ತಾರ, ಅದು ಆಕಿಗೆ ಗೊತ್ತಿತ್ತು.

ಆದ್ರ ಒಂದು ಮಾತು ಐತಿ. ಊರಿಗೆಲ್ಲ ಗೌಂಡಿ ಆರಿಸಿ ಕೊಟ್ಟಾಕಿ ಮನಿ ಹ್ಯಾಂಗಿತ್ತು ಕೇಳ್ರಿ. ದುರಗಪ್ಪ ಸತ್ತ ಅಂಕಣಕ್ಕ ಮಾಳಿಗೀನ ಇದ್ದಿದ್ದಿಲ್ಲ. ಜ್ವಾಳದ ಕಣಿಕಿ ಹೊದಿಸಿ, ಹಿಂದಿನ ಅಡಗಿಮನ್ಯಾಗ ತಾಯಿ ಮಗಳು ದಿನಾ ನೂಕಿದ್ರು. ಮಂದಿ ಮನಿಗೆ ಚಲೋ ಅಂದ ಗೌಂಡಿ ತನ್ನ ಮನಿಗೆ ಬಂದ್ರ ಆಕಿಗೆ ಏನರೆ ಒಂದು ಕೊಂಕು ಕಾಣತಿತ್ತು. ಇವನ ದನಿ ಜೋರು, ಅವನ ಕಣ್ಣು ಸರಿಯಿಲ್ಲ, ಮುಂದಿನ ವರ್ಷ ನೋಡೂಣು. ಖರೇ ಹೇಳಬೇಕಂದ್ರ ಆಕಿಗೆ ಹೆದರಿಕಿ. ಆ ಅಂಕಣದ ಮ್ಯಾಲ ಮತ್ತ ಮಣ್ಣು ಏರಸ್ತಾರ ಅಂದ್ರನ ಬಂದಾಂವನ್ನ ಬಾಗಲದಿಂದನ ತಿರುಗಿ ಕಳಿಸ್ತಿದ್ಳು. ಹಿಂಗ ನಿಂಬೆವ್ವ ಬೆಳದು, ಲಗ್ನಾಗಿ, ಹಳ್ಳದ ಆಚಿ ದಂಡಿ ಊರಿಗೆ ಹೋದ್ಳು.

ನಿಂಬೆವ್ವ ಬಸರಾದ್ಳು. ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕಲ್ಲ, ಅದು ಪದ್ಧತಿ. ಆದ್ರ ಆಕಿ ಅತ್ತಿ ಕಾಶವ್ವ ಬಾಳ ಖಡಕ್ ಹೆಂಗಸು. ಹೇಳಿ ಕಳಿಸಿದ್ಳು: "ಅಪ್ಪನ್ನ ನುಂಗಿದ ಮನ್ಯಾಗ ನನ್ನ ಸೊಸಿನ್ನ ಮಲಗಿಸಂಗಿಲ್ಲ. ಮಳಿಗಾಲಕ್ಕ ಹೆರಿಗಿ ಐತಿ. ತಲಿ ಮ್ಯಾಲ ನಂಬುವಂಥ ಮಾಳಿಗಿ ಆದ್ರ ಕಳಸ್ತೀನಿ, ಇಲ್ಲಂದ್ರ ಇಲ್ಲೇ ಹಡೀತಾಳ." ಸುದ್ದಿ ತಂದಾಕಿ ಕಿವ್ಯಾಗ ನಿಂಬೆವ್ವ ಬ್ಯಾರೇನ ಹೇಳಿದ್ಳಂತ, ಅವ್ವಾ, ನಾ ನಿನ್ನ ಹತ್ರನ ಹಡೀತೀನಿ, ಹ್ಯಾಂಗರೆ ಮಾಡು ಅಂತ. ಅದನ್ನ ಕೇಳಿ ಬಾಳವ್ವ ಸೆರಗಿಲೆ ಬಾಯಿ ಮುಚಿಗೊಂಡು ಕುಂತ್ಳು. ಇನ್ನ ಮುಂದಿನ ವರ್ಷ ಅಂತ ತಳ್ಳೋ ಹಂಗಿದ್ದಿಲ್ಲ.

ದ್ಯಾವಪ್ಪ ಅಂತ ಒಬ್ಬ ಗೌಂಡಿ ತನ್ನ ತಂಡ ಕಟಿಗೊಂಡು ಬಂದ. ಸೊರಗಿದ ಮನಶ್ಯಾ, ಮಾತು ಕಮ್ಮಿ. ಬಾಳವ್ವ ಅವಗೂ ಅದನ್ನ ಹೇಳಿದ್ಳು, ಮುಂದ ನಡೀರಿ ಅಂತ. ಅಂವ ಹಿಂದಿನ ವರ್ಷ ಕೆಂದೂಳಿ ಅನ್ನೋ ಊರಾಗ ಕೆಲಸ ಮಾಡಿದ್ದ. ಬಾಳವ್ವ ತನ್ನ ಮನಿಗೆ ಗೌಂಡಿ ನೋಡಾಕ ಹೊಂಟಾಳಂತ ಕೇಳಿ ಅರ್ಧ ಊರ ಅವರ ಬೆನ್ನ ಹತ್ತಿತು. ಇವತ್ತರೆ ಆಕಿ ಮಂತ್ರಾ ತಿಳೀತೈತೇನೋ ಅಂತ.

ದ್ಯಾವಪ್ಪ ಊರಬಾಯಿಂದ ಸೀದಾ ಓಣಿಗೆ ಹೊಕ್ಕ. ಒಂದು ಮನಿ ಮುಂದ ಬಂದು ತಾನ ನಿಂತ. ಒಳಗಿಂದ ತುಳಸವ್ವ ಅಂತ ಒಬ್ಬ ಮುದುಕಿ ಬಂದ್ಳು ನೋಡ್ರಿ, ಸೊಂಟಕ್ಕ ಸೆರಗು ಸಿಗಿಸಿಗೊಂಡು. "ಬಾರಪಾ ಬಾ! ನನ್ನ ಕಣಜದಾಗ ಜ್ವಾಳ ಮೊಳಕಿ ಒಡದಾವ, ಕುಡಗೋಲು ತಂದಿಯೇನು ಕೊಯ್ಯಾಕ? ನೀ ಮಾಡಿದ ಮಾಳಿಗಿ ಅಂದ್ರ ಜರಡಿ ಹೌದಲ್ಲೊ, ನಿನ್ನ ಕೈಗೆ ಕರಿ ನಾಗರ ಕಡೀಲಿ!" ಓಣಿ ಮಂದಿಯೆಲ್ಲ ಹೊರಗ ಬಂತು. ಬಾಳವ್ವನ ಹಿಂದ ಬಂದವರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಮುಗೀತು ಇವನ ಕತಿ ಅಂದ್ರು.

ದ್ಯಾವಪ್ಪ ರುಂಬಾಲು ತಗದು ಬಗಲಾಗಿಟಗೊಂಡು ಆಕಿ ಬೈಗಳಾ ಪೂರಾ ಕೇಳಿದ. ಮುದುಕಿ ದಣದು ಕುಂತ ಮ್ಯಾಲ, ಯವ್ವಾ, ಮೂಡಗಾಳಿ ಮಳ್ಯಾಗ ಸೋರಿತೋ ಪಡುಗಾಳಿ ಮಳ್ಯಾಗ ಸೋರಿತೋ ಅಂತ ಕೇಳಿದ. ಮುದುಕಿಗೆ ಸಿಟ್ಟಿನಾಗೂ ಸೋಜಿಗಾತು. ಪಡುಗಾಳಿ ಅಂದ್ಳು. ನಿಚ್ಚಣಿಕಿ ಇಸಗೊಂಡು ಮ್ಯಾಲ ಹತ್ತಿದ. ಗುಡ್ಡ ಹಾಯ್ದು ಅಷ್ಟು ದೂರ ಬಂದಿದ್ರೂ, ಬಿಸಲಾಗ, ಕೂಳು ನೀರು ಕೇಳದ, ಮೊಳಕಾಲೂರಿ ಮಾಳಿಗಿ ತುಂಬ ಹುಡುಕಿದ. ಕೆಳಗಿಳದು ಬಂದು, ತಪ್ಪು ನಮ್ಮದ ಐತಿ, ನೀರು ಹೊರಗ ಬೀಳೋ ಕಲ್ಲಿನ ಬಾಯಿ ಬೆರಳಷ್ಟು ಎತ್ತರ ಕುಂದರಿಸೀವಿ, ನೀರು ಅಲ್ಲೇ ನಿಂತು ಒಳಗ ಇಳದೈತಿ ಅಂತ ಎಲ್ಲಾರ ಎದುರಿಗೆ ಹೇಳಿದ. ತಂಡದವರು ಮಣ್ಣು ಕಲಸಿದ್ರು. ಬಾಳವ್ವನ ಹಿಂದ ಬಂದವರು ಬ್ಯಾಸತ್ತು ಊರಿಗೆ ತಿರುಗಿದ್ರು. ಬಾಳವ್ವ ಅವರ ಕೆಲಸ ಮುಗಿಯೋತನಕ ತುಳಸವ್ವನ ಕಟ್ಟಿ ಮ್ಯಾಲನ ಕುಂತ್ಳು.

ತಿರುಗಿ ಬರೋ ಹಾದ್ಯಾಗ ಬಾಳವ್ವ ಕೇಳಿದ್ಳು: "ಹಿಂದಿನ ಓಣ್ಯಾಗೂ ನೀವು ಮಾಡಿದ ಮನಿ ಅದಾವಂತ. ನನ್ನ ಅಲ್ಲಿ ಕರಕೊಂಡು ಹೋಗಿದ್ರ ಇಷ್ಟು ಬೈಸಿಗೋಳೋದು ತಪ್ಪತಿತ್ತಲ್ಲ, ಅಣ್ಣಾ?"

ದ್ಯಾವಪ್ಪ ಅಂದ್ನಂತ, "ಮಳಿ ಆದ ಮ್ಯಾಲ ಈ ಕಡೆ ಬರಾಕ ಆಗಿದ್ದಿಲ್ಲಕ್ಕಾ. ಸೋರ್ಯಾವೋ ಇಲ್ಲೋ ಅಂತ ನನಗೂ ನೋಡಬೇಕಿತ್ತು."

ಬಾಳವ್ವ ಮನಿಗೆ ಬಂದು, ಕಣಿಕಿ ಕಿತ್ತು ಹಾಕಿ, ಅಂಕಣ ಖಾಲಿ ಮಾಡಿ ಅವನ ಕೈಗೆ ಒಪ್ಪಿಸಿದ್ಳು.

ಊರ ಹೌಹಾರಿತು. ಬಾಳವ್ವಗ ಮಗಳ ಚಿಂತ್ಯಾಗ ತಲಿ ತಿರಗೇತಿ, ಸೋರೋ ಗೌಂಡಿನ್ನ ಆರಿಸ್ಯಾಳ ಅಂದ್ರು. ಆ ಮಾತು ಹಳ್ಳ ದಾಟಿ ಕಾಶವ್ವನ ಕಿವಿಗೆ ಬಿತ್ತು. ಕಾಶವ್ವ ಕೆಂಡಾದ್ಳು. ಸೊಸಿನ್ನ ಕಳಿಸೋ ಮಾತ ಇಲ್ಲ ಅಂತ ಹೇಳಿ ಕಳಿಸಿದ್ಳು. ದ್ಯಾವಪ್ಪನ ಮಂದಿ ಹಾಳು ಹುಡೇವಿನ ಬಿಳಿ ಮಣ್ಣು ಹೇರಿ ತಂದು, ಜಂತಿ ಒಂದೊಂದ ಬಡದು ನೋಡಿ, ಮಾಳಿಗಿ ಮುಗಿಸಿ ಬ್ಯಾರೆ ಊರಿಗೆ ಕೆಲಸಕ್ಕ ಹೋದ್ರು. ಬಾಳವ್ವ ಬೀಗತಿಗೆ ಕಡೀ ಮಾತು ಕಳಿಸಿದ್ಳು, ಮೊದಲನೇ ದೊಡ್ಡ ಮಳ್ಯಾಗ ನಾ ಒಬ್ಬಾಕೆ ಅದರ ಕೆಳಗ ಕುಂದರ್ತೀನಿ, ನಾ ಉಳದ್ರ ನನ್ನ ಮಗಳನ್ನ ಕಳಸ್ರಿ ಅಂತ.

ಮಳಿ ಬಂತು. ಅಂಥಾ ಮಳಿ ಆ ಸೀಮಿ ಕಂಡಿದ್ದಿಲ್ಲ ಅಂತಾರ. ಮಧ್ಯಾಹ್ನಕ್ಕ ಮಬ್ಬುಗತ್ತಲಾತು, ಓಣಿ ಹಳ್ಳಾತು. ಬಾಳವ್ವ ದುರಗಪ್ಪ ಬಿದ್ದ ಜಾಗಾದಾಗ ಕಂಬಳಿ ಹಾಸಿ ಕುಂತ್ಳು. ನೆರಿಯವರು ತಮ್ಮ ಬಾಗಲದಾಗ ನಿಂತು, ಬಾರವಾ ಹೊರಗ, ಹಟ ಮಾಡಬ್ಯಾಡ ಅಂತ ಕೂಗಿದ್ರು. ಬಾಳವ್ವ ಏಳಲಿಲ್ಲ. ಧೈರ್ಯ ಇತ್ತು ಅಂತಲ್ರಿ, ಪ್ರತಿ ಗುಡುಗಿಗೂ ಕಣ್ಣು ಮುಚ್ಚತಿದ್ಳು, ಮತ್ತ ತಗದು ಜಂತಿ ನೋಡತಿದ್ಳು. ಜಂತಿ ಅಲಗಲಿಲ್ಲ. ಕರಕರ ಅನ್ನಲಿಲ್ಲ. ಆದ್ರ ಹೊತ್ತು ಹೋದಂಗ ಮೂಲ್ಯಾಗ, ಗ್ವಾಡಿ ಮಾಳಿಗಿ ಕೂಡೋ ಜಾಗಾದಾಗ, ಒಂದು ಹನಿ ತಟ್ ಅಂತ ಬಿತ್ತು. ಆಮ್ಯಾಲ ಇನ್ನೊಂದು.

ಮಂದಿ ಅಂದದ್ದ ಖರೇ ಆತಲ್ಲಪ್ಪಾ, ನನ್ನ ಮಗಳು ಬರಂಗಿಲ್ಲ ಇನ್ನ ಅಂದುಕೊಂಡ್ಳು.

ಅಷ್ಟೊತ್ತಿಗೆ ಬಾಗಲದಾಗ ಯಾರೋ ನಿಂತಂಗಾತು. ನೋಡ್ತಾಳ, ದ್ಯಾವಪ್ಪ! ತಲಿ ಮ್ಯಾಲ ಗೋಣಿಚೀಲದ ಕೊಪ್ಪಿ, ಮೊಳಕಾಲತನಕ ಕೆಸರು, ಹಿಂದ ಅವನ ತಂಡದವರು ಇಬ್ಬರು. ಹಳ್ಳ ಏರೂಕಿಂತ ಮೊದಲ ದಾಟಬೇಕಂತ ಓಡಿ ಬಂದಿದ್ರು. ಯಾರೂ ಕರದಿದ್ದಿಲ್ಲ, ಯಾರೂ ಹೇಳಿ ಕಳಿಸಿದ್ದಿಲ್ಲ. ಹೊಸ್ತಿಲದ ಹೊರಗನ ನಿಂತು ಕೇಳಿದ:

"ಸೋರತೈತೇನಕ್ಕಾ?"

ಗಂಡ ಸತ್ತ ವರ್ಷ ಆ ಪರಊರ ಕಟ್ಟಿ ಮ್ಯಾಲ ಅತ್ತ ಮ್ಯಾಲ ಬಾಳವ್ವ ಎಂದೂ ಅತ್ತಿದ್ದಿಲ್ಲ. ಆವತ್ತು ಅತ್ತು ಬಿಟ್ಳು. ಅಳಕೋತನ ಕೈ ಮಾಡಿ ಮೂಲಿ ತೋರಿಸಿದ್ಳು. ದ್ಯಾವಪ್ಪ ಸುರಿಯೋ ಮಳ್ಯಾಗನ ಮ್ಯಾಲ ಹತ್ತಿ, ಕೈಲೆ ಮಣ್ಣು ಒತ್ತಿ, ಕಾಲಿಲೆ ತುಳದು, ಹನಿ ನಿಲ್ಲೋತನಕ ಅಲ್ಲೇ ಇದ್ದ. ಓಣಿ ಮಂದಿಯೆಲ್ಲ ನೋಡಿತು. ಆವತ್ತು ಹಳ್ಳ ಏರಿ ಅವರಿಗೆ ತಿರುಗಿ ಹೋಗಾಕ ಆಗಲಿಲ್ಲ. ಬಾಳವ್ವ ಬಿಸಿ ರೊಟ್ಟಿ ಬಡದು ಹಾಕಿದ್ಳು. ದ್ಯಾವಪ್ಪ ಒಂದೂವರಿ ರೊಟ್ಟಿ ತಿಂದು ಸಾಕಂದ್ನಂತ.

ಹಳ್ಳ ಇಳದು, ಸುದ್ದಿ ಆಚಿ ದಂಡಿಗೆ ಮುಟ್ಟಿದ ಕೂಡಲೆ ಅಲ್ಲಿಂದ ಒಂದು ಸವಾರಿ ಬಂಡಿ ಬಂತು. ಬಂಡ್ಯಾಗ ನಿಂಬೆವ್ವ, ಪಕ್ಕದಾಗ ಕಾಶವ್ವ. ಬಾಳವ್ವ ನೀರು ತಗೊಂಡು ಹೊರಗ ಬಂದು, ಸುಳ್ಳ ಯಾಕ ಹೇಳ್ಲಿ ಬೀಗತಿ, ಒಂದು ಮೂಲ್ಯಾಗ ಸೋರಿತ್ತು ಅಂದ್ಳು. ಗೊತ್ತೈತಿ ಅಂದ್ಳು ಕಾಶವ್ವ. ಮಳ್ಯಾಗ ಗೌಂಡಿ ತಾನಾಗೇ ಬಂದು ಕೇಳಿದ್ದೂ ಗೊತ್ತೈತಿ. ನಮ್ಮ ಮನಿ ಮಾಳಿಗಿ ಕಟ್ಟಿ ಹೋದಾಂವ ಸತ್ತಾನೋ ಬದುಕ್ಯಾನೋ ಅದೂ ನನಗ ತಿಳೀದು ಅಂದ್ಳು. ಸೊಸಿ ಕೈ ಹಿಡದು ಬಂಡಿಯಿಂದ ಇಳಿಸಿದ್ಳು. ಕೂಸು ಆ ಅಂಕಣದಾಗನ ಹುಟ್ಟಿತು, ಹೊರಗ ಮಳಿ ಹೊಡೀತಿತ್ತಂತ. ದುರಗಪ್ಪನ ಹೆಸರ ಇಟ್ರು.

ಬಾಳವ್ವ ಹೋಗಿ ಎಷ್ಟು ಕಾಲಾತೋ ಏನೋ. ಆ ಮನಿ ಈಗಿಲ್ಲ, ಮಣ್ಣಿನ ಮಾಳಿಗಿನೂ ಹುಡುಕಿದ್ರ ಸಿಗಂಗಿಲ್ಲ. ಆದ್ರ ಆ ಹಳ್ಳದ ಎರಡೂ ದಂಡಿ ಊರಾಗ ಇವತ್ತಿಗೂ ಒಂದು ನಡೀತೈತಿ. ಹೊಸಾ ಮನಿ ಕಟ್ಟಲಿ, ಹಳೇ ಮನಿ ರಿಪೇರಿ ಮಾಡಲಿ, ಮೊದಲನೇ ದೊಡ್ಡ ಮಳಿ ಬಿತ್ತಂದ್ರ ಕೆಲಸ ಮಾಡಿದವರು ಕರೀದನ ಬರಬೇಕು. ಸ್ಲ್ಯಾಬ್ ಹಾಕೋ ಗುತ್ತಿಗೆದಾರರೂ ಮೋಟರಸೈಕಲ್ ಮ್ಯಾಲ ತೋಯ್ಸಿಗೋತ ಬರ್ತಾರ. ಹೊಸ್ತಿಲದ ಹೊರಗ ನಿಂತು ಸೋರತೈತೇನಕ್ಕಾ ಅಂತ ಕೇಳ್ತಾರ. ಬರದ ಇದ್ದವರನ್ನ ಆ ಊರಾಗ ಮತ್ತ ಯಾರೂ ಕೆಲಸಕ್ಕ ಕರಿಯಂಗಿಲ್ಲ. ಬಂದವರನ್ನ ಮನಿ ಹೆಂಗಸರು ಬಾಳವ್ವನ ಹೆಸರ ಹೇಳಿ ಒಳಗ ಕರೀತಾರ. ಸೋರಿದ್ರ ಸೋರಿದ ಜಾಗಾ ತೋರಸ್ತಾರ. ಸೋರದಿದ್ರೂ ಹಂಗ ಕಳಸಂಗಿಲ್ಲ, ತಲಿ ಒರಿಸಿಗೋಳಾಕ ಅರಬಿ ಕೊಟ್ಟು, ಒಲಿ ಮುಂದ ಕುಂದರಿಸಿ, ಬಿಸಿ ರೊಟ್ಟಿ ಹಾಕ್ತಾರ.